ನೀರಿನಲ್ಲಿ ಕಾಣದ ಗುಡಿ

ಹೊಸಪೇಟೆ

ವಿದೇಶಕ್ಕೆ ಹೋಗಿ ಬಂದವರು ಮೊದಲು ವಿಮಾನದ ವಿಷಯ ಬರೆಯುತ್ತಾರೆ. ವಿಮಾನದಲ್ಲಿ ನಾನು ನಿದ್ದೆ ಮಾಡಿದೆ. ಹಾಗಾಗಿ ನೇರವಾಗಿ ನೀರಿನ ವಿಷಯಕ್ಕೆ ಬರುತ್ತೇನೆ.

ಕಂಪ್ಲಿ ಕಡೆಯ ಕಾಲುವೆಯಲ್ಲಿ ನಾನು ಮೂವತ್ತೈದು ವರ್ಷ ಗೇಜ್ ಓದಿದವನು. ಗೇಜ್ ಎಂದರೆ ನೀರಿನ ಅಂಚಿನಲ್ಲಿ ನೆಟ್ಟ, ಅಂಕಿ ಬರೆದ ಹಲಗೆ. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಕಣ್ಣನ್ನು ನೀರಿನ ಮಟ್ಟಕ್ಕೆ ಇಳಿಸಿ, ಹಲಗೆಯೂ ಅದರ ಪ್ರತಿಬಿಂಬವೂ ಕೂಡುವ ಗೆರೆಯನ್ನು ಓದಿ ಬರೆಯಬೇಕು. ನಿಂತುಕೊಂಡು ಓದಿದರೆ ತಪ್ಪು ಬರುತ್ತದೆ. ನಾನು ಒಮ್ಮೆಯೂ ನಿಂತು ಓದಿಲ್ಲ.

ಸಮಯಪಾಲನೆ ಕಲಿಸಿದ್ದು ಸರ್ಕಾರಿ ಹಾಸ್ಟೆಲ್ಲಿನ ಗಂಟೆ. ಗದ್ದೆ ಕೂಲಿಯವರ ಮಕ್ಕಳು ನಾವು. ಐದಕ್ಕೆ ಗಂಟೆ ಹೊಡೆದರೆ ಐದಕ್ಕೆ ಚಾಪೆ ಸುತ್ತಿಟ್ಟಿರಬೇಕಿತ್ತು. ನಿವೃತ್ತನಾಗಿ ಹೊಸಪೇಟೆಯಲ್ಲಿ ಮನೆ ಮಾಡಿದ ಮೇಲೂ ಐದಕ್ಕೆ ಏಳುತ್ತೇನೆ, ಬುದ್ಧವಂದನೆ ಹೇಳುತ್ತೇನೆ, ಆರಕ್ಕೆ ಹತ್ತಿರದ ಕಾಲುವೆಗೆ ಹೋಗಿ ನೀರು ನೋಡಿ ಬರುತ್ತೇನೆ. ಯಾರೂ ಕೇಳುವುದಿಲ್ಲ. ಆದರೂ ಬರೆದಿಡುತ್ತೇನೆ.

ಹೊರಡುವ ದಿನ ನನ್ನ ಹೆಂಡತಿ ಹೇಳಿದ್ದು ಇಷ್ಟು: “ಅಲ್ಲಿ ನದಿ ಐತೋ ಇಲ್ಲೋ ಮೊದ್ಲು ಕೇಳ್ಕೊಳ್ರಿ. ಇಲ್ಲಂದ್ರ ಬೆಳಿಗ್ಗೆ ಎದ್ದು ಆ ಹುಡುಗಿ ಮನಿ ನಳಾ ತಿರುವಿ ನೋಡ್ಕೋಂತ ಕುಂದ್ರಬೇಕಾಗತೈತಿ.”

ಆ ಹುಡುಗಿ ಎಂದರೆ ನನ್ನ ತಮ್ಮನ ಮಗಳು ಸುಜಾತಾ. ತಮ್ಮ ಸಂಡೂರಿನ ಹತ್ತಿರ ಯಶವಂತನಗರದಲ್ಲಿ ಗಣಿ ಕೆಲಸ ಮಾಡಿದವನು. ಮಗಳು ರಸಾಯನಶಾಸ್ತ್ರ ಓದಿದಳು. ಆಮೇಲೆ ಹಳೆಯ ಕಾಗದ, ಹಳೆಯ ಫೋಟೋಗಳನ್ನು ಕೆಡದಂತೆ ಕಾಪಾಡುವ ವಿದ್ಯೆ ಕಲಿತಳು. ಈಗ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಒಂದು ಖಾಸಗಿ ಸಂಗ್ರಹಾಲಯದಲ್ಲಿ ಕೆಲಸ. ಅದರ ಹೆಸರು ಬರೆಯಬೇಡಿ ಎಂದಿದ್ದಾಳೆ; ಬರೆಯುವುದಿಲ್ಲ.

ಏಪ್ರಿಲ್‌ನಲ್ಲಿ ಅವಳ ಫೋನು ಬಂತು. “ದೊಡ್ಡಪ್ಪ, ಇಲ್ಲೊಂದು ಪೆಟ್ಟಿಗಿ ಬಂದೈತ್ರಿ. ಫೋಟೋ ಅನ್ನೋದು ಹೊಸದಾಗಿ ಹುಟ್ಟಿದ ಕಾಲದಾಗ ತೆಗ್ದವು. ನೋಡಿದ್ರ ನಮ್ಮ ಕಡಿವು ಅನಿಸ್ತಾವ. ಆದ್ರ ಮೊದಲನೇ ಫೋಟೋನ ಖೊಟ್ಟಿ ಅಂತಾರ ನಮ್ಮ ಮೇಡಂ. ನಾನು ಖರೇದು ಅಂತ ಬರದು ಕೊಟ್ಟೀನಿ. ನಂದು ತಪ್ಪಾದ್ರ ಪೆಟ್ಟಿಗಿ ಪೂರಾ ಬ್ಯಾರೆ ಊರಿನ ದೊಡ್ಡ ತಜ್ಞರ ಕೈಗೆ ಹೋಗತೈತಿ. ನೀವು ಬಂದು ಜಾಗ ಯಾವುದು ಅಂತ ನೋಡಿ ಹೇಳ್ರಿ.”

ಫೋನಿನಲ್ಲೇ ಚಿತ್ರ ಕಳಿಸಬಹುದಿತ್ತಲ್ಲ ಎನ್ನುತ್ತೀರಿ. ಕಳಿಸಿದ್ದಳು. ಅಂಗೈಯಗಲದ ಚಿತ್ರ ನೋಡಿ ಸಹಿ ಮಾಡುವವನು ನಾನಲ್ಲ.

ಬ್ರಿಸ್ಟಲ್, ಮೊದಲ ಬೆಳಿಗ್ಗೆ

ಮೇ ತಿಂಗಳು. ಹೊಸಪೇಟೆಯಲ್ಲಿ ಡಾಂಬರು ಕರಗುವ ಕಾಲ. ಇಲ್ಲಿ ಸ್ವೆಟರಿನ ಮೇಲೆ ಕೋಟು ಹಾಕಿಕೊಂಡು ಆರಕ್ಕೆ ನದಿಗೆ ಹೊರಟೆ. ಸುಜಾತಾಳ ಮನೆಯಿಂದ ಹತ್ತು ನಿಮಿಷದ ನಡಿಗೆ.

ನದಿ ನೋಡಿ ನಿರಾಸೆಯಾಯಿತು. ಎರಡೂ ಕಡೆ ಕೆಸರಿನ ಇಳಿಜಾರು, ತಳದಲ್ಲಿ ತೆಳುವಾಗಿ ಒಂದಿಷ್ಟು ನೀರು. ಇದನ್ನು ನದಿ ಎನ್ನುವುದಾದರೆ ಕಂಪ್ಲಿಯ ಉಪಕಾಲುವೆಗೂ ಒಂದು ಹೆಸರಿಡಬೇಕು ಎಂದುಕೊಂಡೆ. ಆದರೆ ಗೋಡೆಗೆ ಅಂಕಿಯ ಹಲಗೆ ಹೊಡೆದಿದ್ದರು. ಅಷ್ಟರ ಮಟ್ಟಿಗೆ ಮನಸ್ಸಿಗೆ ಸಮಾಧಾನ. ಅಂಕಿ ಬರೆದುಕೊಂಡು ಊರು ಸುತ್ತಲು ಹೋದೆ.

ಎಂಟಕ್ಕೆ ತಿರುಗಿ ಬಂದಾಗ ನೀರು ಎರಡಾಳು ಏರಿತ್ತು. ಸಾಲದ್ದಕ್ಕೆ ಹಿಂದಕ್ಕೆ ಹರಿಯುತ್ತಿತ್ತು. ಒಂದು ಮರದ ಕೊಂಬೆ, ಬೆಳಿಗ್ಗೆ ನೀರು ಹೋಗುತ್ತಿದ್ದ ದಿಕ್ಕಿಗೆ ಎದುರಾಗಿ, ಅವಸರವಿಲ್ಲದೆ ತೇಲಿಕೊಂಡು ಬರುತ್ತಿತ್ತು. ನನಗೆ ದಿಕ್ಕು ತಪ್ಪಿರಬೇಕು ಎಂದು ಎರಡು ಸಲ ಸೇತುವೆಯ ಗುರುತು ನೋಡಿದೆ. ತಪ್ಪಿರಲಿಲ್ಲ.

ನನ್ನ ಅನುಭವದಲ್ಲಿ ನೀರು ಹೀಗೆ ಏರುವುದಕ್ಕೆ ಒಂದೇ ಕಾರಣ: ಎಲ್ಲೋ ಗೇಟು ತೆಗೆದಿದ್ದಾರೆ. ನಮ್ಮಲ್ಲಿ ಗೇಟು ತೆಗೆಯುವ ಮೊದಲು ಸೈರನ್ ಕೂಗಿಸುತ್ತಾರೆ. ಇಲ್ಲಿ ಸದ್ದೇ ಇಲ್ಲ. ಕಂಬಿಯ ಹತ್ತಿರ ಒಬ್ಬ ಹೆಂಗಸು ಮಗುವಿನ ಗಾಡಿ ತಳ್ಳಿಕೊಂಡು ಹೋಗುತ್ತಿದ್ದಳು. ನಾನು ಎರಡೂ ಕೈ ಚಾಚಿ ಅಡ್ಡ ನಿಂತು, “ಮೇಡಂ, ನೀರು ಬಿಟ್ಟಿದ್ದಾರೆ. ಹಿಂದೆ ಸರಿಯಿರಿ,” ಎಂದು ನನ್ನ ಕಚೇರಿ ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ಸಾರಿ ಎಂದಳು. ಇಲ್ಲಿ ಅವರ ಕಾಲನ್ನು ನಾವು ತುಳಿದರೂ ಅವರೇ ಸಾರಿ ಎನ್ನುತ್ತಾರೆ. ಗಾಡಿ ತಿರುಗಿಸಿ ಬೇಗ ಬೇಗ ಹೋಗಿಬಿಟ್ಟಳು.

ನಾಯಿ ಹಿಡಿದುಕೊಂಡು ನಿಂತಿದ್ದ ಒಬ್ಬ ಮುದುಕರು ಇದನ್ನೆಲ್ಲ ನೋಡುತ್ತಿದ್ದರು. ಅವರಿಗೂ ಗೇಟಿನ ವಿಷಯ ತಿಳಿಸಿದೆ.

“ಗೇಟು ಯಾರೂ ತೆಗೆದಿಲ್ಲ,” ಎಂದರು. “ಸಮುದ್ರ ಬಂದಿದೆ. ದಿನಕ್ಕೆ ಎರಡು ಸಲ ಬರುತ್ತದೆ, ಎರಡು ಸಲ ಹೋಗುತ್ತದೆ.”

“ಯಾರ ಆದೇಶದ ಮೇಲೆ?”

“ಚಂದ್ರನದು.” ಆಮೇಲೆ ನಾಯಿಯ ಕಡೆ ಬಾಗಿ, “ಇವರು ಸಮುದ್ರ ದೂರ ಇರುವ ಊರಿನವರು, ಅಲ್ಲವೇ?” ಎಂದರು. ಇಲ್ಲಿಯವರು ನಮಗೆ ನೇರವಾಗಿ ಹೇಳಲು ಸಂಕೋಚವಾದದ್ದನ್ನು ನಾಯಿಗೆ ಹೇಳುತ್ತಾರೆ. ನಾನೂ ನಾಯಿಗೇ ಹೌದು ಎಂದು ಉತ್ತರ ಕೊಟ್ಟೆ.

ಸುಜಾತಾ ಕೇಳಿ ಊಟದ ಮೇಜಿಗೆ ತಲೆ ಇಟ್ಟು ನಕ್ಕಳು. “ದೊಡ್ಡಪ್ಪ, ಸಮುದ್ರಕ್ಕ ಸೈರನ್ ಹಾಕ್ಸಾಕ ಬಂದೀರೇನ್ರಿ?”

“ಸಮುದ್ರ ನನ್ನ ಸೆಕ್ಷನ್ನಿಗೆ ಬರೂದಿಲ್ಲ,” ಎಂದೆ.

ಪೆಟ್ಟಿಗೆ

ಸುಜಾತಾಳ ಮೇಲಧಿಕಾರಿಯ ಹೆಸರು ಮಾರ್ಗರೆಟ್. ಎತ್ತರದ ಹೆಂಗಸು, ಕತ್ತರಿಸಿದ ಬಿಳಿ ಕೂದಲು. ಒಂಬತ್ತಕ್ಕೆ ಬರುತ್ತೇನೆ ಎಂದಿದ್ದರು. ಗೋಡೆಯ ಗಡಿಯಾರ ಒಂಬತ್ತು ತೋರಿಸುವಾಗ ಬಾಗಿಲು ತೆಗೆದರು. ಆ ಕ್ಷಣವೇ ನನಗೆ ಅವರ ಮೇಲೆ ಗೌರವ ಹುಟ್ಟಿತು. ನನ್ನ ಕೈಯನ್ನು ಎರಡು ಸಲ ಸೋಪಿನಲ್ಲಿ ತೊಳೆಸಿ, ಒಣಗಿಸಿ, ಆಮೇಲೆ ಒಳಗೆ ಬಿಟ್ಟರು. ಗೌರವ ಇನ್ನೂ ಹೆಚ್ಚಿತು.

ಸುಜಾತಾ ಪೆಟ್ಟಿಗೆ ತೆರೆದು ತೆಳು ಕಾಗದ ಎತ್ತಿದಳು. ಚಹಾದ ಬಣ್ಣಕ್ಕೆ ತಿರುಗಿದ ದೊಡ್ಡ ಚಿತ್ರ. ನನಗೆ ಒಂದು ನಿಮಿಷವೂ ಬೇಕಾಗಲಿಲ್ಲ.

“ಹಂಪಿಯ ಹೊಳೆ,” ಎಂದೆ. “ಆನೆಗೊಂದಿ ಕಡೆಯ ಬಂಡೆಯ ಮೇಲೆ ನಿಂತು ಹಂಪಿಯ ಕಡೆ ನೋಡಿ ತೆಗೆದದ್ದು.”

ಆ ದಡಕ್ಕೆ ಹಾಸ್ಟೆಲ್ಲಿನ ಹುಡುಗರೆಲ್ಲ ಹರಿಗೋಲಿನಲ್ಲಿ ದಾಟಿದ್ದೆವು. ಅದೇ ನೀರಂಚಿನ ಕಲ್ಲು ಮಂಟಪ, ಅದರ ಹಿಂದೆ ಅದೇ ಬಂಡೆಗಳ ರಾಶಿ, ಬಂಡೆಗಳಾಚೆ ಗುಡ್ಡದ ನೆತ್ತಿಯಿಂದ ಇಣುಕುವ ಅದೇ ಪುಟ್ಟ ಗುಡಿ. ನನ್ನ ಅಜ್ಜನ ಅಜ್ಜ ಆ ಹೊಳೆಯ ನೀರು ಕುಡಿಯುತ್ತಿದ್ದ ಕಾಲದ ಚಿತ್ರ. ಅದನ್ನು ಏಳು ಸಮುದ್ರದಾಚೆ ನನ್ನ ತಮ್ಮನ ಮಗಳು ಕೂಸನ್ನು ಎತ್ತಿದಂತೆ ಎತ್ತಿ ಮೇಜಿನ ಮೇಲೆ ಇಡುತ್ತಿದ್ದಾಳೆ. ಎದೆ ತುಂಬಿತು ಎಂದು ಬರೆಯಲು ನನಗೆ ಸಂಕೋಚವಿಲ್ಲ.

ಚಿತ್ರದಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ. ದಡದಲ್ಲಿ ಹೊಗೆಯಂಥ ಒಂದು ಕಲೆ ಮಾತ್ರ ಇತ್ತು. ಅದೇನು ಎಂದು ಸುಜಾತಾಳನ್ನು ಕೇಳಿದೆ.

“ಯಾರೋ ಮನುಷ್ಯಾರ ಇರಬೇಕ್ರಿ. ಆ ಕಾಲದ ಕ್ಯಾಮೆರಾ ಮುಂದ ಭಾಳ ಹೊತ್ತು ಅಲುಗಾಡ್ದಂಗ ನಿಂದ್ರಬೇಕಿತ್ತು. ಅಲುಗಾಡಿದ್ರ ಹಿಂಗ ಹೊಗಿ ಆಗಿ ಹೋಗತಿದ್ರು.”

ಕೆಲಸವಿದ್ದವರು ನಿಲ್ಲುವುದಿಲ್ಲ. ನೀರು ತುಂಬಲು ಬಗ್ಗಿದ್ದಾಳೋ, ಹರಿಗೋಲು ಎಳೆಯುತ್ತಿದ್ದಾನೋ. ಅಂಥ ಚಿತ್ರಗಳಲ್ಲಿ ಉಳಿಯುವುದು ಕಲ್ಲುಗಳು, ಮತ್ತು ಸುಮ್ಮನೆ ನಿಲ್ಲಲು ಪುರಸೊತ್ತಿದ್ದವರು. ಆ ಕಲೆಯನ್ನು ನಾನು ಗುಡಿಗಿಂತ ಹೆಚ್ಚು ಹೊತ್ತು ನೋಡಿದೆ. ಅದೇ ನನ್ನ ತಪ್ಪಿಗೆ ಕಾರಣವೂ ಆಗಿರಬಹುದು.

ಮಾರ್ಗರೆಟ್ ಮೇಡಂ ತಮ್ಮ ಅನುಮಾನವನ್ನು ವಿವರಿಸಿದರು. ಆ ಕಾಲದ ಚಿತ್ರಗಳಲ್ಲಿ ಆಕಾಶ ಬರಿದೇ ಬೆಳ್ಳಗೆ ಬೀಳುತ್ತಿತ್ತಂತೆ. ಅದಕ್ಕೆ ಕೆಲವರು ಬೇರೆ ದಿನ ತೆಗೆದ ಮೋಡಗಳನ್ನು ತಂದು ಮೇಲೆ ಸೇರಿಸುತ್ತಿದ್ದರಂತೆ. ಮೋಡ ಸೇರಿಸುವವರು ನೀರನ್ನೂ ಸೇರಿಸಬಾರದೇಕೆ? ಅವರು ಸೀಸದ ಕಡ್ಡಿಯ ತುದಿಯನ್ನು ಚಿತ್ರಕ್ಕೆ ತಾಗಿಸದೆ ತೋರಿಸಿದರು. ಮೇಲೆ ಗುಡಿ ಇದೆ. ನೀರಿನಲ್ಲಿ ಗುಡಿ ಇಲ್ಲ. ಮೇಲಿನ ಮಂಟಪದಲ್ಲಿ ಮಾಡಿನ, ಅಂದರೆ ಚಾವಣಿಯ, ಹೊರಮೈ ಮಾತ್ರ ಕಾಣುತ್ತದೆ. ನೀರಿನಲ್ಲಿ ಮಾಡಿನ ಒಳಮೈಯ ಕಲ್ಲಿನ ತೊಲೆಗಳು ಕಾಣುತ್ತವೆ. “ಮೇಲಿನ ಅರ್ಧ ಒಂದು ಚಿತ್ರ, ಕೆಳಗಿನ ಅರ್ಧ ಇನ್ನೊಂದು,” ಎಂದರು.

“ಎಲ್ಲಿಯೂ ಜೋಡಣೆಯ ಗೆರೆ ಇಲ್ಲ,” ಎಂದಳು ಸುಜಾತಾ.

“ಒಳ್ಳೆಯ ಕೈ ಗೆರೆ ಬಿಡುವುದಿಲ್ಲ.” ಮೇಡಂ ನನ್ನ ಕಡೆ ತಿರುಗಿದರು. “ನೀವು ನೀರಿನ ಪಕ್ಕದಲ್ಲೇ ಬದುಕಿದವರು. ನೀವೇ ಹೇಳಿ. ಆ ಗುಡಿ ನೀರಿನಲ್ಲಿ ಇರಬೇಕೋ ಬೇಡವೋ?”

ನಾನು ನೆಟ್ಟಗೆ ನಿಂತು, ಕನ್ನಡಕ ಸರಿಮಾಡಿಕೊಂಡು ನೋಡಿದೆ. ಮೂವತ್ತೈದು ವರ್ಷ ನೋಡಿದ ಪ್ರತಿಬಿಂಬಗಳೆಲ್ಲ ನನ್ನ ಬೆನ್ನಿಗಿದ್ದವು. “ಇರಬೇಕು,” ಎಂದೆ. “ಮೇಲಿದ್ದದ್ದು ಕೆಳಗೂ ಇರಬೇಕು. ಇಲ್ಲಿ ಇಲ್ಲ.”

ಮೇಡಂ ಬರೆದುಕೊಂಡರು. ಶುಕ್ರವಾರ ಪ್ರದರ್ಶನದ ವಿವರಪಟ್ಟಿ ಅಚ್ಚಿಗೆ ಹೋಗಬೇಕಿತ್ತು. ಈ ಚಿತ್ರವನ್ನು ‘ಜೋಡಿಸಿ ಮಾಡಿದವು’ ಎಂಬ ಸಾಲಿಗೆ ಸೇರಿಸುತ್ತೇನೆ, ಪೆಟ್ಟಿಗೆಯನ್ನು ನಾಳೆ ಆ ತಜ್ಞರಿಗೆ ಕಳಿಸೋಣ ಎಂದರು. ಸುಜಾತಾ ಪೆಟ್ಟಿಗೆಗೆ ಮುಚ್ಚಳ ಹಾಕಿದಳು.

ಬಸ್ಸಿನಲ್ಲಿ ಮನೆಗೆ ಹೊರಟೆವು.

“ಜಾಗ ಅಷ್ಟ ಹೇಳಾಕ ಕರ್ಸಿದ್ದೆ ನಾನು,” ಎಂದಳು ಸುಜಾತಾ.

“ಅವ್ರು ಕೇಳಿದ್ರು, ಹೇಳಿದೆ.”

“ಕೇಳಿದ ಕೂಡ್ಲೆ ಹೇಳಬೇಕಂತ ಏನರ ರೂಲ್ ಐತೇನ್ರಿ?”

“ಕಣ್ಣಿಗೆ ಕಂಡದ್ದು ಹೇಳಬೇಕು. ನಮ್ಮವಳದಾಳಂತ ಬ್ಯಾರೆ ಹೇಳಾಕ ಆಗತೈತೇನು?”

“ಬ್ಯಾರೆ ಹೇಳ್ರಿ ಅಂದಿಲ್ಲ. ಒಂದ ಸಲ ನೋಡಿದ್ರಿ. ನಿಮ್ಮ ಗೇಜ್ ಆಗಿದ್ರ ಅನುಮಾನ ಬಂದಲ್ಲಿ ಎರಡನೇ ಸಲ ನೋಡ್ತಿದ್ದಿಲ್ಲೇನ್ರಿ?”

ಅನುಮಾನ ಬಂದರೆ ಮರು ಓದು ಎಂಬುದು ನಾನೇ ಹೊಸ ಹುಡುಗರಿಗೆ ಕಲಿಸಿದ ನಿಯಮ. ನನಗೆ ಅನುಮಾನವೇ ಬಂದಿರಲಿಲ್ಲ.

ಕಟ್ಟಿದ ನೀರು

ಬ್ರಿಸ್ಟಲ್‌ನಲ್ಲಿ ಇನ್ನೊಂದು ನೀರಿದೆ. ಹಡಗುಗಳು ಕೆಸರಿಗೆ ಬೀಳದಿರಲಿ ಎಂದು ಹಳೆಯ ಕಾಲದವರು ನದಿಯ ಒಂದು ಭಾಗಕ್ಕೆ ಗೇಟು ಹಾಕಿ ಕಟ್ಟಿಬಿಟ್ಟಿದ್ದಾರೆ. ಅಲ್ಲಿ ಸಮುದ್ರದ ದರ್ಬಾರು ನಡೆಯುವುದಿಲ್ಲ. ಏರಿಲ್ಲ, ಇಳಿತವಿಲ್ಲ; ನನಗೆ ತಿಳಿಯುವ ನೀರು. ಗುರುವಾರ ಆರಕ್ಕೆ ಅಲ್ಲಿಗೆ ಹೋದೆ.

ಗಾಳಿ ಇರಲಿಲ್ಲ. ನಾನು ಸೇತುವೆಯ ಮೇಲೆ ನಿಂತಿದ್ದೆ. ಎದುರು ದಡದಲ್ಲಿ ಬಣ್ಣಬಣ್ಣದ ಮನೆಗಳ ಸಾಲು. ಅವುಗಳ ಮಾಡಿನ ಹಿಂದಿನಿಂದ ಒಂದು ಚರ್ಚಿನ ಶಿಖರ ಮೇಲೆದ್ದಿತ್ತು. ನೀರಿನಲ್ಲಿ ಮನೆಗಳು ತಲೆಕೆಳಗಾಗಿ, ಕಿಟಕಿ ಕಿಟಕಿಯೂ ಎಣಿಸುವಂತೆ ಬಿದ್ದಿದ್ದವು. ಶಿಖರ ಇರಲಿಲ್ಲ.

ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದೆ. ಇರಲಿಲ್ಲ.

ಸೇತುವೆಯ ಪಕ್ಕ ನೀರಿಗೆ ಇಳಿಯುವ ಕಲ್ಲಿನ ಮೆಟ್ಟಿಲುಗಳಿದ್ದವು. ಒಂದೊಂದೇ ಇಳಿದೆ. ಅರ್ಧ ಇಳಿದಾಗ ನೀರಿನೊಳಗೆ ಮಾಡಿನ ಅಂಚಿನಿಂದ ಸೂಜಿಯಂಥ ತುದಿ ಹೊರಬಂತು. ಕೊನೆಯ ಮೆಟ್ಟಿಲಿನಲ್ಲಿ ಅಭ್ಯಾಸದಂತೆ ಕುಕ್ಕರಗಾಲಿನಲ್ಲಿ ಕೂತೆ. ನೀರಿನಲ್ಲಿಯೂ ಶಿಖರ ನಿಂತಿತ್ತು, ಮೇಲಿನದಕ್ಕೆ ತದ್ರೂಪ. ಎದ್ದು ಮೇಲೆ ಹತ್ತಿದೆ. ಶಿಖರ ಮನೆಗಳ ಹಿಂದೆ ಅಡಗಿತು. ಹೀಗೆ ಐದು ಸಲ ಹತ್ತಿ ಇಳಿದೆ. ಓಡಲು ಬಂದಿದ್ದ ಒಬ್ಬ ಯುವಕ ನಿಂತು, ಏನಾದರೂ ಕಳೆದುಕೊಂಡಿರಾ ಎಂದು ಕೇಳಿದ.

“ಕಳೆದುಕೊಂಡಿದ್ದೆ. ಸಿಕ್ಕಿತು,” ಎಂದೆ.

ನೀರು ನಾವು ನಿಂತ ಎತ್ತರದಿಂದ ನೋಡುವುದಿಲ್ಲ. ನಾವು ಎಷ್ಟು ಮೇಲೆ ನಿಂತಿದ್ದೇವೋ ಅಷ್ಟೇ ಕೆಳಗಿನಿಂದ ನೋಡಿದ ಹಾಗೆ ತೋರಿಸುತ್ತದೆ. ಕೆಳಗಿನಿಂದ ನೋಡುವವನಿಗೆ ಮುಂದಿನ ಬಂಡೆ ಹಿಂದಿನ ಗುಡಿಯನ್ನು ಮರೆಮಾಡುತ್ತದೆ. ಮಾಡಿನ ಒಳಮೈ ಅವನಿಗೆ ಮಾತ್ರ ಕಾಣುತ್ತದೆ. ಇಷ್ಟು ಸಣ್ಣ ಸಂಗತಿ ನನಗೇಕೆ ತಿಳಿದಿರಲಿಲ್ಲ? ನಾನು ಎಂದೂ ನಿಂತು ನೋಡಿರಲಿಲ್ಲ. ಮೂವತ್ತೈದು ವರ್ಷ ಕಣ್ಣನ್ನು ನೀರಿಗೆ ತಾಗಿಸಿ ಕೂತವನಿಗೆ ಮೇಲಿನದೂ ಕೆಳಗಿನದೂ ಯಾವಾಗಲೂ ಒಂದೇ. ತಪ್ಪಿಲ್ಲದೆ ಓದಲು ಕಲಿತ ಅಭ್ಯಾಸವೇ ನನ್ನನ್ನು ತಪ್ಪಿಸಿತ್ತು.

ಕಪ್ಪು ತಟ್ಟೆ

ಒಂಬತ್ತಕ್ಕೆ ಸಂಗ್ರಹಾಲಯದ ಬಾಗಿಲಲ್ಲಿದ್ದೆ. ಸುಜಾತಾ ನನಗಿಂತ ಮೊದಲೇ ಬಂದು, ಪೆಟ್ಟಿಗೆಯನ್ನು ತಜ್ಞರಿಗೆ ಕಳಿಸಲು ಸುತ್ತ ಪಟ್ಟಿ ಕಟ್ಟುತ್ತಿದ್ದಳು.

“ಮೇಡಂ, ತಿದ್ದುಪಡಿ ಇದೆ,” ಎಂದೆ. “ನಿನ್ನೆ ನಾನು ಕೊಟ್ಟ ಓದು ತಪ್ಪು.”

ಸುಜಾತಾಳ ಕೈ ಪಟ್ಟಿಯ ಮೇಲೆ ನಿಂತಿತು.

ಹಳೆಯ ಕಾಗದ ತೊಳೆಯಲು ಅವರಲ್ಲಿ ದೊಡ್ಡ ಕಪ್ಪು ತಟ್ಟೆಗಳಿವೆ. ಒಂದನ್ನು ಮೇಜಿನ ಮೇಲಿಟ್ಟು ನೀರು ತುಂಬಿಸಿದೆ. ಆಚೆಯ ಅಂಚಿಗೆ ಒಂದು ಸಣ್ಣ ಮರದ ಪೆಟ್ಟಿಗೆ. ಅದರ ಹಿಂದೆ ಒಂದು ಮೊಳ ದೂರದಲ್ಲಿ ಬ್ರಷ್‌ಗಳ ಎತ್ತರದ ಡಬ್ಬಿ.

“ಪೆಟ್ಟಿಗೆಯೇ ಬಂಡೆ, ಬ್ರಷ್ಷೇ ಗುಡಿ,” ಎಂದೆ. “ನಿಂತು ನೋಡಿ.”

“ಮೇಲೆ ಬ್ರಷ್ ಕಾಣುತ್ತದೆ,” ಎಂದರು ಮೇಡಂ. “ನೀರಿನಲ್ಲಿ ಪೆಟ್ಟಿಗೆ ಮಾತ್ರ.”

“ಈಗ ಬಗ್ಗಿ.”

ಅವರು ಮೇಜಿಗೆ ಕೈಯೂರಿ ನಿಧಾನವಾಗಿ ಬಗ್ಗಿದರು. ಗಲ್ಲ ತಟ್ಟೆಯ ಅಂಚಿಗೆ ಬಂದಾಗ ನಿಂತರು. ಎದ್ದರು. ಮತ್ತೆ ಬಗ್ಗಿದರು. ನಾನು ಮೆಟ್ಟಿಲಲ್ಲಿ ಮಾಡಿದ್ದನ್ನೇ ಅವರೂ ಮಾಡಿದರು. ಎಣಿಸಿದೆ, ಅವರೂ ಐದು ಸಲ.

“ದೊಡ್ಡಪ್ಪ, ಮಂಟಪ ಬ್ಯಾಡೇನ್ರಿ?” ಎಂದಳು ಸುಜಾತಾ. ನಿನ್ನೆಯ ನಂತರ ಅವಳು ನನ್ನೊಡನೆ ಆಡಿದ ಮೊದಲ ಮಾತು. ಒಂದು ರಟ್ಟಿನ ತುಂಡಿನ ಅಡಿಯಲ್ಲಿ ಸೀಸದ ಕಡ್ಡಿಯಿಂದ ಅಡ್ಡಗೆರೆಗಳನ್ನು ಎಳೆದು, ಎರಡು ನೂಲಿನ ಉಂಡೆಗಳ ಮೇಲೆ ಮಾಡಿನಂತೆ ಹೊದಿಸಿ ನೀರಂಚಿಗೆ ಇಟ್ಟಳು. ಮೇಲಿನಿಂದ ಬರಿಯ ರಟ್ಟು. ನೀರಿನಲ್ಲಿ ಗೆರೆಗಳು. ಇದು ನನಗೆ ಹೊಳೆದಿರಲಿಲ್ಲ.

ಮೇಡಂ ಚಿತ್ರದ ಮೇಲೆ ಬಾಗಿ ಬಹಳ ಹೊತ್ತು ನೋಡಿದರು. “ಹಾಗಾದರೆ ಚಿತ್ರ ತೆಗೆದವನು ಸುಳ್ಳು ಹೇಳಿಲ್ಲ. ಎತ್ತರದ ಬಂಡೆ ಹತ್ತಿ ನಿಂತಿದ್ದ, ಅಷ್ಟೇ.”

“ಮೋಸ ಮಾಡುವವನಾಗಿದ್ದರೆ ಗುಡಿಯನ್ನು ನೀರಿನಲ್ಲಿಯೂ ಇಟ್ಟಿರುತ್ತಿದ್ದ,” ಎಂದೆ. “ನನ್ನಂಥವರು ಅದನ್ನೇ ನಂಬುವುದು.”

ಅವರು ಮೊದಲ ಬಾರಿಗೆ ನಕ್ಕರು. ವಿವರಪಟ್ಟಿ ತಂದು ಎರಡು ಸಾಲು ಹೊಡೆದುಹಾಕಿ, ಅಲ್ಲಿ ನನ್ನ ಹೆಸರು ಸೇರಿಸಲೇ ಎಂದು ಕೇಳಿದರು.

“ಜಾಗ ಹೇಳಿದ್ದು ನಾನು. ಚಿತ್ರ ನಿಜ ಎಂದು ಮೊದಲು ಬರೆದದ್ದು ಇವಳು. ಮಧ್ಯದಲ್ಲಿ ಅಡ್ಡ ಬಂದವನೂ ನಾನೇ. ಇವಳ ಹೆಸರು ಹಾಕಿ.”

ಮೇಡಂ ಹಾಗೆಯೇ ಬರೆದರು. ಆಮೇಲೆ ಕಟ್ಟಿದ ಪಟ್ಟಿಯನ್ನು ತಾವೇ ಬಿಚ್ಚಿ ಪೆಟ್ಟಿಗೆಯನ್ನು ಸುಜಾತಾಳ ಕಡೆ ತಳ್ಳಿ, “ಮುಂದಿನದು,” ಎಂದರು.

ಎರಡನೆಯ ಚಿತ್ರದಲ್ಲಿ ನೀರಿರಲಿಲ್ಲ. ಒಂದು ಬಂಡಿಯ ದಾರಿ ಬೆಟ್ಟದ ಸಂದಿಯಲ್ಲಿ ಹೋಗುತ್ತಿತ್ತು. ದಾರಿಯೂ ಬೆಟ್ಟವೂ ಕಾಡಿಗೆಯಷ್ಟು ಕಪ್ಪು. ಹಿಂಬದಿಯಲ್ಲಿ ಯಾರೋ ಎಂದೋ ಇಂಗ್ಲಿಷಿನಲ್ಲಿ ಗೀಚಿದ್ದರು: ಕಲ್ಲಿದ್ದಲ ಬೆಟ್ಟ, ಸ್ಥಳ ತಿಳಿಯದು. ಮೇಡಂ ನನ್ನನ್ನು ನೋಡಿದರು. ನಮ್ಮ ಕಡೆ ಕಲ್ಲಿದ್ದಲು ಇಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬಾಯಿ ಮುಚ್ಚಿಕೊಂಡೆ.

ಸುಜಾತಾ ಚಿತ್ರವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು. ಒಮ್ಮೆ ನೋಡಿದಳು. ಕೆಳಗಿಟ್ಟು, ಇನ್ನೊಮ್ಮೆ ಎತ್ತಿ ನೋಡಿದಳು.

“ಕಲ್ಲಿದ್ದಲಲ್ಲ,” ಎಂದಳು ಇಂಗ್ಲಿಷಿನಲ್ಲಿ. “ಆಗಿನ ರಾಸಾಯನಿಕಕ್ಕೆ ಕೆಂಪು ಬಣ್ಣ ಕಾಣುತ್ತಿರಲಿಲ್ಲ. ಕೆಂಪಾಗಿದ್ದದ್ದೆಲ್ಲ ಕಪ್ಪಾಗಿ ಬೀಳುತ್ತಿತ್ತು. ಇದು ಕೆಂಪು ಬೆಟ್ಟ, ಕಬ್ಬಿಣದ ಅದಿರಿನ ಮಣ್ಣು. ಈ ಸಂದಿಯಲ್ಲೇ ನಾನು ದಿನಾ ಕಂಪನಿ ಬಸ್ಸಿನಲ್ಲಿ ಶಾಲೆಗೆ ಹೋಗುತ್ತಿದ್ದೆ. ಸಂಡೂರು.”

“ಖಚಿತವೇ?” ಎಂದು ಮೇಡಂ ಕೇಳಿದ್ದು ನನ್ನನ್ನು.

ನಾನು ಸುಜಾತಾಳ ಕಡೆ ಕೈ ತೋರಿಸಿದೆ. ಅವಳು ನಮ್ಮಿಬ್ಬರ ಕಡೆಗೂ ನೋಡಲಿಲ್ಲ. ಆಗಲೇ ಸೀಸದ ಕಡ್ಡಿ ತೆಗೆದುಕೊಂಡು ಬರೆಯುತ್ತಿದ್ದಳು.